ಅಜ್ಜಿಗೆ ಕೇಳಿಸಿದ ಮೋಸ

ಜೂನ್ ತಿಂಗಳ ಒಂದು ಭಾನುವಾರ. ಪುಣೆಯಲ್ಲಿ ಅವತ್ತೇ ಮೊದಲ ಮಳೆ. ಮಗಳು ಬಾಲ್ಕನಿಯಿಂದಲೇ ಅಂಕೋಲೆಯ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, "ಅಜ್ಜಿ, ಇಲ್ಲಿ ಮೌಸಮ್ ಮಸ್ತ್ ಇದೆ!" ಅಂದಳು. ಅಮ್ಮನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. "ಎಂತ ಮೋಸ ಮಗಾ? ಯಾರು ಮೋಸ ಮಾಡಿದ್ರು?" ಎಂದು ಗಾಬರಿಬಿದ್ದಳು. ಅದೇ ಕಾಲ್‌ನಲ್ಲಿ ಬೆಂಗಳೂರಿನಿಂದ ಸೇರಿಕೊಂಡಿದ್ದ ಅಣ್ಣನ ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವನು ತಿದ್ದಿದ: "ಮೌಸಮ್ ಅಂತೆ! ಅದು ಹಿಂದಿ ಕಣೇ. ಕನ್ನಡದಲ್ಲಿ ಮಾನ್ಸೂನ್ ಅಂತಾರೆ."

ನಾವು ದೊಡ್ಡವರೂ ನಕ್ಕೆವು. ಮಗಳು ನಗಲಿಲ್ಲ. ಅದಾದ ಮೇಲೆ ಅಜ್ಜಿಯ ಫೋನ್ ಬಂದರೆ ಅವಳ ಮಾತು "ಹೂಂ", "ಊಟ ಆಯ್ತು", "ಅಪ್ಪಂಗೆ ಕೊಡ್ತೀನಿ" ಎಂಬಲ್ಲಿಗೆ ಮುಗಿಯತೊಡಗಿತು. ಶಾಲೆಯಲ್ಲಿ ಇಂಗ್ಲಿಷು, ಸೊಸೈಟಿಯಲ್ಲಿ ಮರಾಠಿ, ಗೆಳತಿಯರ ಜೊತೆ ಹಿಂದಿ. ಮನೆಯೊಳಗೆ ಮಾತ್ರ ಉಳಿದಿರುವ ಕನ್ನಡವನ್ನು ಅವಳು ತಪ್ಪಿಗೆ ಹೆದರಿ ಬಾಯಿಂದ ಹೊರಗೆ ಬಿಡುತ್ತಿಲ್ಲ ಎಂದು ನನಗೆ ಅರ್ಥವಾಗಲು ಎರಡು ವಾರ ಬೇಕಾಯಿತು. ಹೊರರಾಜ್ಯದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆದರೆ ಅಣ್ಣನ ಮಗ ಹೇಳಿದ ಆ ಸಾಲು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೌಸಮ್ ಹಿಂದಿ, ಮಾನ್ಸೂನ್ ಕನ್ನಡ. ಈ ಎರಡು ಪದಗಳ ಜಾತಕ ತೆಗೆದು ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು. ಒಂದು ನೆಟ್ಟಗೆ ನಮ್ಮ ಕಡೆ ಬಂತು. ಇನ್ನೊಂದು ಹಡಗು ಹತ್ತಿ, ಆಫ್ರಿಕಾ ಸುತ್ತಿ, ಲಿಸ್ಬನ್ ನೋಡಿ, ಯುರೋಪಿನ ಅರ್ಧ ಡಜನ್ ಭಾಷೆಗಳ ಬಾಗಿಲು ತಟ್ಟಿ, ಇಂಗ್ಲಿಷಿನ ಹೆಗಲೇರಿ ವಾಪಸು ಬಂತು. ಈ ತಿಂಗಳ ಅಂಕಣ ಆ ಎರಡನೆಯದರ ಪ್ರಯಾಣದ ಬಗ್ಗೆ.

ತಾಯಿ ಪದ ಅರಬ್ಬಿಯ 'ಮೌಸಿಮ್'. ಅರಬ್ಬಿಯಲ್ಲಿ ಪದಗಳು ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಇಲ್ಲಿಯ ಬೇರಿನ ಅರ್ಥ 'ಗುರುತು ಹಾಕು'. ಒಂಟೆಯ ಮೈಮೇಲೆ ಕಾಯಿಸಿದ ಕಬ್ಬಿಣದಿಂದ ಒತ್ತುವ ಮುದ್ರೆಗೆ 'ವಸ್ಮ್' ಅನ್ನುತ್ತಾರೆ, ಅದೂ ಇದೇ ಬೇರಿನದು. ಮೌಸಿಮ್ ಎಂದರೆ ವರ್ಷದಲ್ಲಿ ಗುರುತು ಹಾಕಿಟ್ಟ ಕಾಲ: ಜಾತ್ರೆಯ ಕಾಲ, ಸುಗ್ಗಿಯ ಕಾಲ, ಹಜ್ ಯಾತ್ರೆಯ ಕಾಲ. ಗಮನಿಸಿ, ಇದರಲ್ಲಿ ಮಳೆಯ ಒಂದು ಹನಿಯೂ ಇಲ್ಲ. ಗಾಳಿಯೂ ಇಲ್ಲ. ಇರುವುದು ದಿನಾಂಕ ಮಾತ್ರ.

ಅರಬ್ಬೀ ಸಮುದ್ರದ ನಾವಿಕರಿಗೆ ಈ ಪದ ಹೇಳಿ ಮಾಡಿಸಿದಂತಿತ್ತು. ಏಕೆಂದರೆ ಆ ಸಮುದ್ರದಲ್ಲಿ ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಬೇಸಿಗೆಯಲ್ಲಿ ನೈರುತ್ಯದಿಂದ, ಚಳಿಗಾಲದಲ್ಲಿ ಈಶಾನ್ಯದಿಂದ. ನೈರುತ್ಯದ ಗಾಳಿ ಆಫ್ರಿಕಾ, ಅರೇಬಿಯಾದಿಂದ ನಮ್ಮ ಕರಾವಳಿಗೆ ಹಡಗನ್ನು ತಳ್ಳುತ್ತದೆ. ಈಶಾನ್ಯದ ಗಾಳಿ ವಾಪಸು ಕಳಿಸುತ್ತದೆ. ಜೂನ್, ಜುಲೈಯಲ್ಲಿ ನೈರುತ್ಯ ಗಾಳಿ ಉಗ್ರವಾದಾಗ ನಮ್ಮ ಪಶ್ಚಿಮ ಕರಾವಳಿಯ ಹತ್ತಿರ ಸುಳಿಯುವುದೇ ಅಪಾಯ. ಹಾಗಾಗಿ ಯಾವ ಬಂದರಿನಿಂದ ಯಾವ ಬಂದರಿಗೆ ಯಾವ ದಿನದೊಳಗೆ ಹೊರಡಬೇಕು ಎಂಬ ಲೆಕ್ಕ ಪಕ್ಕಾ ಇರಬೇಕಿತ್ತು. ಆ ಲೆಕ್ಕವೇ ಮೌಸಿಮ್. 15ನೇ ಶತಮಾನದ ಹೆಸರಾಂತ ನಾವಿಕ ಅಹ್ಮದ್ ಇಬ್ನ್ ಮಾಜಿದ್, 1490ರ ಸುಮಾರಿಗೆ ಬರೆದ ನೌಕಾಗ್ರಂಥದಲ್ಲಿ ಇದನ್ನು ವಿವರವಾಗಿ ಕೊಡುತ್ತಾನೆ. ನಾವಿಕರ ವರ್ಷಾರಂಭವಾದ ನೈರೂಜ್‌ನಿಂದ ಎಷ್ಟನೇ ದಿನ ಯಾವ ದಾರಿ ತೆರೆಯುತ್ತದೆ, ಎಷ್ಟನೇ ದಿನ ಮುಚ್ಚುತ್ತದೆ ಎಂಬ ವೇಳಾಪಟ್ಟಿ ಅದು. ನಮ್ಮ ಐಟಿಯವರು 'ರಿಲೀಸ್ ವಿಂಡೋ' ಅಂತೀವಲ್ಲ, ಹಾಗೆ. ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ನಮಗೆ ಎರಡು ವಾರ, ಅವರಿಗೆ ಹಲವು ತಿಂಗಳು.

ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಅಜ್ಜ ಹೆಂಚು, ಉಪ್ಪು ಸಾಗಿಸುವ ಮಚ್ವೆಗಳ ಲೆಕ್ಕ ಬರೆಯುತ್ತಿದ್ದವರು. ಮೇ ಕೊನೆಗೆ ಮಚ್ವೆಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದರೆ ಅವರ ವರ್ಷ ಮುಗಿಯಿತು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಹೊಸ ಖಾತೆ. ಇವತ್ತಿಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ಉಳಿಯಲಿ ಎಂಬುದು ಕಾರಣವಾದರೂ, ತಾರೀಖು ಆ ಹಳೆಯ ಲೆಕ್ಕದ ಒಳಗೇ ಬೀಳುತ್ತದೆ.

ಈಗ ಪೋರ್ಚುಗೀಸರನ್ನು ಕರೆಯೋಣ. ವಾಸ್ಕೋ ಡ ಗಾಮ ಪೂರ್ವ ಆಫ್ರಿಕಾದ ಮಲಿಂದಿಯಲ್ಲಿ ದಾರಿ ಬಲ್ಲ ಒಬ್ಬ ಚುಕ್ಕಾಣಿಗನನ್ನು ಹತ್ತಿಸಿಕೊಂಡು 1498ರ ಏಪ್ರಿಲ್ 24ರಂದು ಹೊರಟ. ಮೇ 20ಕ್ಕೆ ಕಲ್ಲಿಕೋಟೆಯ ಬಳಿ ಲಂಗರು. 26 ದಿನ, ಅಷ್ಟೆ. ಗಾಳಿ ಬೆನ್ನಿಗಿತ್ತು. ಬರುವಾಗ ಕಾಲ ಬಲ್ಲವರ ಮಾತು ಕೇಳಿದವನು ಹೋಗುವಾಗ ಕೇಳಲು ಆಗಲಿಲ್ಲ. ಕಲ್ಲಿಕೋಟೆಯ ಸಾಮೂದಿರಿಯ ಜೊತೆ ಮನಸ್ತಾಪವಾಗಿ ಆಗಸ್ಟ್ ಕೊನೆಗೇ ಅಲ್ಲಿಂದ ಹೊರಟುಬಿಟ್ಟ. ಕರಾವಳಿಗುಂಟ ಉತ್ತರಕ್ಕೆ ಬಂದು ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಸಿ, ನೀರು ತುಂಬಿಸಿಕೊಂಡ. ಕಾರವಾರದ ಕಡೆಯವರಿಗೆ ಗೊತ್ತು, ನಮ್ಮ ದಂಡೆಯಿಂದ ಕಾಣುವ ದ್ವೀಪ ಅದು. ಆಡಳಿತಕ್ಕೆ ಗೋವಾದ್ದು, ಈಗ ನೌಕಾನೆಲೆಯ ಅಂಗ. ಅಲ್ಲಿಂದ ಅಕ್ಟೋಬರ್ 5ರಂದು ಹಾಯಿ ಬಿಚ್ಚಿದ.

ಅಕ್ಟೋಬರ್ ಆರಂಭ ಎಂದರೆ ನೈರುತ್ಯ ಗಾಳಿ ಸತ್ತು, ಈಶಾನ್ಯ ಗಾಳಿ ಇನ್ನೂ ಹುಟ್ಟದ ಹೊತ್ತು. ಗಾಳಿ ಇಲ್ಲದೆ, ಇದ್ದರೆ ಎದುರು ಗಾಳಿಯಾಗಿ, ಹಡಗುಗಳು ಸಮುದ್ರದ ನಡುವೆ ಒದ್ದಾಡಿದವು. ಬರುವಾಗ ಒಂದು ತಿಂಗಳೂ ಹಿಡಿಯದ ದಾರಿಗೆ ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಹಣ್ಣು ತರಕಾರಿ ಇಲ್ಲದೆ ಸ್ಕರ್ವಿ ರೋಗ ಬಂತು, ವಸಡು ಊದಿ ಹಲ್ಲು ಮುಚ್ಚಿಹೋಯಿತು. ಆ ಯಾನದ ದಿನಚರಿ ಬರೆದ ನಾವಿಕ, ಈ ದಾಟುವಿಕೆಯಲ್ಲಿ 30 ಜನ ಸತ್ತರು, ಒಂದೊಂದು ಹಡಗಿಗೆ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದಿದ್ದರು ಎಂದು ದಾಖಲಿಸಿದ್ದಾನೆ. ನಡೆಸಲು ಜನರಿಲ್ಲದೆ ಸಾಂವ್ ರಾಫಾಯೆಲ್ ಹಡಗನ್ನು ಸುಟ್ಟುಹಾಕಬೇಕಾಯಿತು. ಮೌಸಿಮ್ ಎಂಬ ಪದದ ಅರ್ಥವನ್ನು ಪೋರ್ಚುಗೀಸರು ಕಲಿತದ್ದು ನಿಘಂಟಿನಿಂದಲ್ಲ.

ಅರ್ಥ ಕಲಿತ ಮೇಲೆ ಪದವನ್ನೂ ತೆಗೆದುಕೊಂಡರು, ತಮ್ಮ ನಾಲಿಗೆಗೆ ತಕ್ಕಂತೆ. 16ನೇ ಶತಮಾನದ ಬರಹಗಳಲ್ಲಿ 'ಮೌಸಾಂವ್', 'ಮೊಂಸಾಂವ್' ಎಂಬಂಥ ರೂಪಗಳು ಕಾಣುತ್ತವೆ. ಪೋರ್ಚುಗೀಸಿನಲ್ಲಿ ಪದದ ಕೊನೆಯ 'ಮ್' ಪೂರ್ತಿ ಉಚ್ಚಾರವಾಗದೆ ಮೂಗಿನಲ್ಲಿ ಕರಗುತ್ತದೆ. ಜೊತೆಗೆ 'ಸಾಂವ್' ಎಂದು ಕೊನೆಯಾಗುವ ನೂರಾರು ಪದಗಳು ಆ ಭಾಷೆಯಲ್ಲಿ ಆಗಲೇ ಇದ್ದವು. ಹೊಸಬ ಬಂದು ಆ ಸಾಲಿನಲ್ಲಿ ನಿಂತುಕೊಂಡ. ಅರಬ್ಬಿ ಬಲ್ಲವನಿಗೆ ಇದು ಕೇಳಿಸಿದ್ದರೆ ನಮ್ಮ ಅಣ್ಣನ ಮಕ್ಕಳ ಹಾಗೆಯೇ ನಗುತ್ತಿದ್ದನೇನೋ.

ಇಲ್ಲೊಂದು ಸ್ವಾರಸ್ಯವಿದೆ. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಅರಬ್ಬಿ ಮಾತಾಡುವವರು ಶತಮಾನಗಳ ಕಾಲ ಆಳಿದ್ದರು. ಸ್ಪ್ಯಾನಿಷಿನಲ್ಲಿ ಎಣ್ಣೆಗೆ 'ಅಸೆಯಿತೆ', ಸಕ್ಕರೆಗೆ 'ಅಸೂಕರ್', ನೌಕಾಪತಿಗೆ 'ಅಲ್ಮಿರಾಂತೆ'. ಎಲ್ಲ ಅರಬ್ಬಿಯವೇ. ಆದರೆ ಹಡಗಿನ ಕಾಲವನ್ನು ಹೇಳುವ ಈ ಪದ ಮಾತ್ರ ಮನೆಬಾಗಿಲಲ್ಲೇ ಇದ್ದ ಅರಬ್ಬರಿಂದ ಬರಲಿಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಹಾಗೆ ದಿಕ್ಕು ಬದಲಿಸುವ ಗಾಳಿ ಇಲ್ಲ, ಪದದ ಅಗತ್ಯವೂ ಇರಲಿಲ್ಲ. ಅಗತ್ಯ ಹುಟ್ಟಿದ್ದು ಹಿಂದೂ ಮಹಾಸಾಗರದಲ್ಲಿ. ಹಾಗಾಗಿ ಪಕ್ಕದ ಮನೆಯಲ್ಲಿದ್ದ ಪದವನ್ನು ತರಲು ಅವರು ಆಫ್ರಿಕಾ ಸುತ್ತಬೇಕಾಯಿತು.

ಪೋರ್ಚುಗೀಸರ ಕೈಗೆ ಬಂದ ಮೇಲೂ ಇದು ಮಳೆಯ ಹೆಸರಾಗಲಿಲ್ಲ. ಲಿಸ್ಬನ್‌ನಿಂದ ಹಡಗುಗಳು ಮಾರ್ಚ್-ಏಪ್ರಿಲ್‌ನಲ್ಲಿ ಹೊರಟು ಸೆಪ್ಟೆಂಬರ್ ಸುಮಾರಿಗೆ ಗೋವಾ ಮುಟ್ಟುತ್ತಿದ್ದವು. ಡಿಸೆಂಬರ್-ಜನವರಿಯಲ್ಲಿ ಮೆಣಸು ತುಂಬಿಕೊಂಡು ವಾಪಸು. ಹೊರಡುವ ಆ ಗಡುವೇ 'ಮೊಂಸಾಂವ್'. ತಡವಾದವರು ಮೊಸಾಂಬಿಕ್ ದ್ವೀಪದಲ್ಲಿ ತಿಂಗಳುಗಟ್ಟಲೆ ಕೊಳೆಯಬೇಕಿತ್ತು. ಎಷ್ಟೋ ಜನ ಅಲ್ಲೇ ಜ್ವರದಿಂದ ಸತ್ತರು. ಹಾಗಾದರೆ ನಮ್ಮ ಮಳೆಗಾಲಕ್ಕೆ ಗೋವಾದ ಪೋರ್ಚುಗೀಸರು ಏನನ್ನುತ್ತಿದ್ದರು? 'ಇನ್ವೆರ್ನು', ಅಂದರೆ ಚಳಿಗಾಲ! ಅವರ ಊರಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಆದ್ದರಿಂದ ಮಳೆ ಬಂದರೆ ಚಳಿಗಾಲ. ಪರವೂರಿಗೆ ಹೋದವರು ಅಲ್ಲಿಯದಕ್ಕೆಲ್ಲ ತಮ್ಮೂರಿನ ಹೆಸರಿಡುವ ಚಾಳಿ ನಮ್ಮದು ಮಾತ್ರ ಅಲ್ಲ.

ಲಿಸ್ಬನ್ ಮತ್ತು ಗೋವಾ ನಡುವಿನ ಸರ್ಕಾರಿ ಪತ್ರಗಳೂ ಈ ಗಡುವಿಗೆ ಕಾಯುತ್ತಿದ್ದವು. ವರ್ಷಕ್ಕೊಮ್ಮೆ ಬರುವ ಟಪಾಲು, ವರ್ಷಕ್ಕೊಮ್ಮೆ ಹೋಗುವ ಉತ್ತರ. ಆ ಪತ್ರಗಳನ್ನು ಕಟ್ಟಿಟ್ಟ ಸಂಪುಟಗಳ ಸಾಲಿಗೇ 'ಮೊಂಸಾಂವ್ ಪುಸ್ತಕಗಳು' ಎಂದು ಹೆಸರು. ಕೆಲವು ಪಣಜಿಯ ಪತ್ರಾಗಾರದಲ್ಲಿವೆ, ಕೆಲವು ಲಿಸ್ಬನ್‌ಗೆ ಹೋಗಿವೆ. ಗೋವಾದ ಅನ್ನಕ್ಕೆ ಕನ್ನಡ ಕರಾವಳಿಯ ಅಕ್ಕಿಯೇ ಆಧಾರವಾಗಿದ್ದ ಕಾಲ ಅದು. ಆದ್ದರಿಂದ ಇಕ್ಕೇರಿಯ ನಾಯಕರ ಜೊತೆಗಿನ ಜಗಳ, ಒಪ್ಪಂದಗಳ ಇತಿಹಾಸ ಬರೆಯುವವರೂ ಈ ಪುಸ್ತಕಗಳನ್ನು ತೆರೆಯಬೇಕು.

ಇನ್ನು ಹರಡಿದ ಬಗೆ. ಲ್ಯಾಟಿನ್ ಮಗಳಂದಿರಾದ ಭಾಷೆಗಳಲ್ಲಿ ಪೋರ್ಚುಗೀಸಿನ ಪಕ್ಕದಲ್ಲಿದ್ದವಳು ಸ್ಪ್ಯಾನಿಷ್. ಅಲ್ಲಿ ಅದು 'ಮೊನ್ಸೋನ್' ಆಯಿತು. ಕತಲಾನಿನಲ್ಲಿ 'ಮುನ್ಸೊ'. ಇಟಾಲಿಯನ್ನಿಗೆ ಪದದ ಕೊನೆಯಲ್ಲಿ ಸ್ವರ ಇರಲೇಬೇಕು, ಅಲ್ಲಿ 'ಮೊನ್ಸೋನೆ'. ಫ್ರೆಂಚಿನಲ್ಲಿ 'ಮೂಸೋಂ'. ಫ್ರೆಂಚಿಗೆ ಇದು ಹೋದದ್ದು ಬಹುಶಃ ಡಚ್ಚರ ಮೂಲಕ. ಡಚ್ಚರಿಗೆ ಪೂರ್ವದೇಶದ ಗುಟ್ಟುಗಳನ್ನು ಒದಗಿಸಿದವರಲ್ಲಿ ಮುಖ್ಯನಾದವನು ಯಾನ್ ಹ್ಯೂಘೆನ್ ಫಾನ್ ಲಿನ್ಸ್‌ಖೋಟೆನ್. ಗೋವಾದ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದು, ಪೋರ್ಚುಗೀಸರ ದಾರಿ, ಗಡುವುಗಳನ್ನೆಲ್ಲ ಬರೆದುಕೊಂಡು ಊರಿಗೆ ಹೋದ. ಅವನ ಪುಸ್ತಕ 1596ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು, 1598ರಲ್ಲಿ ಇಂಗ್ಲಿಷಿಗೂ ಬಂತು. ಸಮುದ್ರವನ್ನೇ ನೋಡದ ಹಳ್ಳಿಗಳ ರೊಮೇನಿಯನ್ ಭಾಷೆಗೆ ಫ್ರೆಂಚಿನಿಂದ ಹೋಗಿ 'ಮುಸೋನ್' ಆಯಿತು. ಪೋರ್ಚುಗೀಸು, ಡಚ್ಚಿನ ಕೈದಾಟಿ ಇಂಗ್ಲಿಷಿನಲ್ಲಿ 'ಮಾನ್ಸೂನ್' ಆಗಿ, ಅಲ್ಲಿಂದ ನಮ್ಮ ಏಳನೇ ಕ್ಲಾಸಿನ ಸಮಾಜ ಪುಸ್ತಕಕ್ಕೆ ಬಂತು.

ಫ್ರೆಂಚಿನಲ್ಲಿ ಮಾತ್ರ ಇನ್ನೊಂದು ತಮಾಷೆ ನಡೆಯಿತು. ಮುಂದೆ ಮೊರಾಕ್ಕೊ ಫ್ರೆಂಚರ ಕೈಗೆ ಬಂದಾಗ ಅಲ್ಲಿಯ ಊರಹಬ್ಬ, ಸಂತರ ಜಾತ್ರೆಗಳಿಗೆ 'ಮೂಸೆಮ್' ಎಂದು ಹೇಳುವುದನ್ನು ಕೇಳಿ ಆ ಪದವನ್ನೂ ಇಟ್ಟುಕೊಂಡರು. ಅದೂ ಮೌಸಿಮ್. ಹೀಗೆ ಒಂದೇ ಅರಬ್ಬಿ ಪದ ಫ್ರೆಂಚಿನಲ್ಲಿ ಎರಡು ವೇಷದಲ್ಲಿದೆ. ಮೂಸೋಂ ಎಂದರೆ ಭಾರತದ ಮಳೆಗಾಳಿ, ಮೂಸೆಮ್ ಎಂದರೆ ಮೊರಾಕ್ಕೊದ ಜಾತ್ರೆ. ಎರಡನ್ನೂ ಆಡುವ ಫ್ರೆಂಚರಲ್ಲಿ ಎಷ್ಟು ಮಂದಿಗೆ ಇವು ಅಕ್ಕತಂಗಿಯರೆಂದು ಗೊತ್ತಿದ್ದೀತು?

ಅತಿ ದೂರ ಹೋದದ್ದು ಬ್ರೆಜಿಲ್‌ಗೆ. 1718-19ರ ಸುಮಾರಿಗೆ ದೇಶದ ಒಳನಾಡಿನ ಕುಯಾಬಾದಲ್ಲಿ ಚಿನ್ನ ಸಿಕ್ಕಿತು. ಸಾವೊ ಪಾವ್ಲೊ ಕಡೆಯ ಜನ ತಿಯೆತೆ ನದಿಯ ದಂಡೆಯಿಂದ, ಒಂದೇ ಮರ ಕೊರೆದು ಮಾಡಿದ ದೋಣಿಗಳಲ್ಲಿ ಹೊರಟರು. ನದಿಯಿಂದ ನದಿಗೆ ಸುಮಾರು 3,500 ಕಿಲೋಮೀಟರ್, ಐದು ತಿಂಗಳ ದಾರಿ. ನದಿಗಳು ತುಂಬಿರುವಾಗಲೇ ಹೊರಡಬೇಕು, ಇಲ್ಲದಿದ್ದರೆ ಬಂಡೆಗಳಿಗೆ ಸಿಕ್ಕಿ ದೋಣಿ ಒಡೆಯುತ್ತದೆ. ಈ ದೋಣಿಸಾಲುಗಳಿಗೆ ಅವರು ಇಟ್ಟ ಹೆಸರು 'ಮೊಂಸಾಂವ್'. ಹಾಯಿ ಇಲ್ಲ, ಸಮುದ್ರ ಇಲ್ಲ, ನೈರುತ್ಯ ಗಾಳಿ ಇಲ್ಲ. ಗಡುವು ಮಾತ್ರ ಇದೆ. ಇಂದಿನ ಪೋರ್ಚುಗೀಸ್ ನಿಘಂಟುಗಳಲ್ಲೂ ಈ ಪದಕ್ಕೆ ಮಳೆಗಾಳಿಯ ಜೊತೆಗೆ 'ಒಳ್ಳೆಯ ಅವಕಾಶ, ತಕ್ಕ ಸಮಯ' ಎಂಬ ಅರ್ಥವೂ ಇದೆ. ಒಂಟೆಯ ಮುದ್ರೆ ಇಷ್ಟು ದೂರ ಬಂದರೂ ಅಳಿಸಿಲ್ಲ.

ಹಾಗಾದರೆ ಮಳೆ ಒಳಗೆ ಸೇರಿದ್ದು ಯಾವಾಗ? ಮೆಲ್ಲಗೆ. ಕಾಲದ ಹೆಸರು ಮೊದಲು ಆ ಕಾಲದಲ್ಲಿ ಬೀಸುವ ಗಾಳಿಯ ಹೆಸರಾಯಿತು. 1686ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಈ ಗಾಳಿಗಳ ನಕ್ಷೆ ಬಿಡಿಸಿ, ಸೂರ್ಯನ ಶಾಖಕ್ಕೂ ಇವಕ್ಕೂ ಇರುವ ನಂಟನ್ನು ವಿವರಿಸುವ ಲೇಖನ ಬರೆದ. ಅವನಿಗೆ ಮಾನ್ಸೂನ್ ಎಂದರೆ ಗಾಳಿ. ಆಮೇಲೆ ಇಂಗ್ಲಿಷರು ಭಾರತದ ಒಳನಾಡಿನಲ್ಲಿ ನೆಲೆಯೂರಿದರು. ಹಡಗಿಲ್ಲದ ಊರಿನಲ್ಲಿ ಗಾಳಿ ಯಾರಿಗೆ ಬೇಕು? ಅಲ್ಲಿ ಕಂದಾಯ, ಬೆಳೆ, ಬರ ಎಲ್ಲ ನಿಂತಿರುವುದು ಮಳೆಯ ಮೇಲೆ. ಗಾಳಿಯ ಹೆಸರು ಮಳೆಯ ಹೆಸರಾಯಿತು. ಅರಬ್ಬಿಯಲ್ಲಿ ದಿನಾಂಕವಾಗಿದ್ದದ್ದು ಇವತ್ತು ಮುಂಬಯಿಯವರಿಗೆ ಲೋಕಲ್ ಟ್ರೇನ್ ನಿಲ್ಲಿಸುವ ನೀರು.

ಇತ್ತ, ಹಡಗು ಹತ್ತದ ಸೋದರಿಯೂ ಸುಮ್ಮನೆ ಕೂತಿರಲಿಲ್ಲ. ಪಾರಸಿಯ ಮೂಲಕ ಉರ್ದು, ಹಿಂದಿಗೆ ಬಂದು 'ಮೌಸಮ್' ಆದಳು. ಮರಾಠಿಯಲ್ಲಿ 'ಮೋಸಮ್'. ನಮ್ಮ ಪುಸ್ತಕದ ಮಾನ್ಸೂನ್ ಮಾರುತಕ್ಕೆ ಮರಾಠಿ ಪುಸ್ತಕದಲ್ಲಿ 'ಮೋಸಮೀ ವಾರೇ'. ಆಫ್ರಿಕಾದ ಸ್ವಾಹಿಲಿಯಲ್ಲಿ 'ಮ್ಸಿಮು', ಮಲಯ ಭಾಷೆಯಲ್ಲಿ 'ಮುಸಿಮ್'. ಮಲೇಷ್ಯಾದಲ್ಲಿ ದುರಿಯನ್ ಹಣ್ಣಿನ ಕಾಲಕ್ಕೂ ಮುಸಿಮ್ ಎಂದೇ ಹೇಳುತ್ತಾರೆ. ಹಾಗೆಂದು ಕೇಳಿದ್ದನ್ನೆಲ್ಲ ಈ ಸಂಸಾರಕ್ಕೆ ಸೇರಿಸಬೇಡಿ. ಮೋಸಂಬಿ ಹಣ್ಣು ಮೋಸಮ್‌ನಿಂದ ಬಂದದ್ದಲ್ಲ, ಅದು ಮೊಸಾಂಬಿಕ್ ಎಂಬ ಊರ ಹೆಸರಿನಿಂದ. ಅಮ್ಮನಿಗೆ ಕೇಳಿಸಿದ ಮೋಸಕ್ಕಂತೂ ಇವರ್ಯಾರೂ ಸಂಬಂಧವಿಲ್ಲ.

ಕನ್ನಡದ ಸ್ವಂತ ಪದ ಮುಂಗಾರು. ಕಾರ್ ಎಂದರೆ ಕಪ್ಪು ಮೋಡ, ಮಳೆಗಾಲ. ಮೊದಲು ಬರುವುದು ಮುಂಗಾರು, ಹಿಂದೆ ಬರುವುದು ಹಿಂಗಾರು. ಬಿತ್ತುವವನು ಆಕಾಶ ನೋಡಿ ಕೊಟ್ಟ ಹೆಸರು ಅದು. ಮೌಸಿಮ್ ಹಾಯಿ ಕಟ್ಟುವವನು ಪಂಚಾಂಗ ನೋಡಿ ಕೊಟ್ಟ ಹೆಸರು. ನನಗೆ ಮುಂಗಾರು ಹೆಚ್ಚು ಇಷ್ಟ. ಆದರೆ ಅದಕ್ಕಾಗಿ ಇನ್ನೊಂದನ್ನು ಬಾಗಿಲಾಚೆ ನಿಲ್ಲಿಸಬೇಕಿಲ್ಲ.

ಇಷ್ಟನ್ನೂ ಒಂದು ಶನಿವಾರ ಮಗಳಿಗೆ ಹೇಳಿದೆ, ನೆಲದ ಮೇಲೆ ನಕ್ಷೆ ಹರಡಿ. ಬ್ರೆಜಿಲ್‌ವರೆಗೆ ಬೆರಳಾಡಿಸಿದಳು. "ಅಂದ್ರೆ ಎಲ್ರೂ ತಪ್ಪೇ ಹೇಳಿದಾರಾ?" ಎಂದು ಕೇಳಿದಳು. ಹೌದು ಅಂದೆ. ಪೋರ್ಚುಗೀಸರು ತಪ್ಪು ಹೇಳಿದರು, ಆ ತಪ್ಪನ್ನು ಡಚ್ಚರು ತಪ್ಪಾಗಿ ಕೇಳಿಸಿಕೊಂಡರು, ಅದನ್ನು ಇಂಗ್ಲಿಷರು ಇನ್ನೊಂದಿಷ್ಟು ಕೆಡಿಸಿದರು. ಬೇಕಿದ್ದವರು ಬೇಕಾದಂತೆ ಹೇಳಿದ್ದರಿಂದಲೇ ಪದ ಐನೂರು ವರ್ಷ ಉಳಿಯಿತು. ತಪ್ಪಾದೀತೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಅದು ಮಲಿಂದಿಯಲ್ಲೇ ಇಳಿದುಬಿಡುತ್ತಿತ್ತು.

ಇದನ್ನು ಹೇಳುವಾಗ ನನಗೂ ಒಂದು ಚುಚ್ಚಿತು. ಅವತ್ತು ಎಲ್ಲರೊಂದಿಗೆ ನಾನೂ ನಕ್ಕಿದ್ದೆ. ಮಗುವಿನ ಬಾಯಲ್ಲಿ ಭಾಷೆ ನಿಲ್ಲುವುದಕ್ಕೂ ಒಂದು ಮೌಸಿಮ್ ಇದೆ. ಅವಳಿಗೀಗ ಒಂಬತ್ತು. ಅಮ್ಮನಿಗೆ ಎಪ್ಪತ್ತೆರಡು.

ಮರುದಿನ ಭಾನುವಾರ ಕಾಲ್ ಬಂತು. ಅಣ್ಣನ ಮಕ್ಕಳೂ ಇದ್ದರು. ಮಗಳು ಫೋನನ್ನು ತಾನೇ ಹಿಡಿದುಕೊಂಡು ದೊಡ್ಡವನಿಗೆ, "ನಿನ್ ಮಾನ್ಸೂನೂ ನನ್ ಮೌಸಮ್ಮೂ ಒಂದೇ, ಗೊತ್ತಾ? ನಿಂದು ಪೋರ್ಚುಗಲ್ ಸುತ್ಕೊಂಡ್ ಬಂದಿದ್ದು" ಅಂದಳು. ಅವನು ಗೂಗಲ್ ಮಾಡಲು ಹೋದ. ಅಜ್ಜಿ ಕೇಳಿದಳು, "ಎಂತ ಆಯ್ತು ಮಗಾ, ಮತ್ತೆ ಮೋಸನಾ?"

"ಇಲ್ಲ ಅಜ್ಜಿ, ಮಳೆ. ಮಳೆ ಬರ್ತಾ ಇದೆ. ನಿಮ್ಮಲ್ಲಿ?"

"ಇಲ್ಲೂ ಹೊಯ್ತಾ ಉಂಟು ಮಗಾ," ಎಂದು ಶುರುಮಾಡಿದ ಅಮ್ಮ, ಅಂಗಳದ ನೀರು, ಸೋರುವ ಹಂಚು, ಸಿಗದ ಮೀನು ಎಲ್ಲವನ್ನೂ ಹೇಳಿ ಮುಗಿಸುವಾಗ ಅರ್ಧ ಗಂಟೆಯಾಗಿತ್ತು. ಫೋನ್ ನನ್ನ ಕೈಗೆ ಬರಲೇ ಇಲ್ಲ.